ಗ್ರಂಥಾಲಯಕ್ಕೆ ಪೆಟ್ರೋಲ್, ಮಗಳ ಮನೆಗೆ ಡೀಸೆಲ್

ಫೆಬ್ರವರಿ 3

ಅಳಿಯಂದಿರಿಗೆ ಆಶೀರ್ವಾದಗಳು.

ಮದುವೆಯಾಗಿ ಮೂರು ವರ್ಷವಾದ ಮೇಲೆ ಮಾವನಿಂದ ಮೊದಲ ಪತ್ರ ಬಂದರೆ ಯಾವ ಅಳಿಯನ ಎದೆಯಾದರೂ ಧಸಕ್ಕೆನ್ನುತ್ತದೆ. ಗಾಬರಿ ಬೇಡ. ಯಾರೂ ಹಾಸಿಗೆ ಹಿಡಿದಿಲ್ಲ, ಯಾರೂ ಉಯಿಲು ತಿದ್ದಿಲ್ಲ. ವಿಷಯ ಅದಕ್ಕಿಂತ ಗಂಭೀರವಾದದ್ದು. ನಾನೊಂದು ಕಾರು ಕೊಳ್ಳಬೇಕೆಂದಿದ್ದೇನೆ.

ನ್ಯಾಯಾಧೀಶನಾಗಿದ್ದಷ್ಟು ಕಾಲವೂ ಸರ್ಕಾರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಡ್ರೈವರನ ಕುತ್ತಿಗೆ ನೋಡಿಕೊಂಡು ಓಡಾಡಿದವನು ನಾನು. ಆ ಕುತ್ತಿಗೆಯ ಮಚ್ಚೆಗಳನ್ನು ಈಗಲೂ ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ. ಅವಧಿಗೆ ಮುಂಚೆಯೇ ಕುರ್ಚಿ ಬಿಟ್ಟು ಎದ್ದು ಬಂದಿದ್ದೇನೆ. ಇನ್ನು ಮುಂದಿನ ಸೀಟು, ಕೈಯಲ್ಲಿ ಸ್ಟೇರಿಂಗು, ಕಣ್ಣೆದುರಿಗೆ ಯಾರ ಕುತ್ತಿಗೆಯೂ ಇಲ್ಲ.

ಕಾರು ಉದ್ದವಾದದ್ದು, ಮೆತ್ತಗಿನದು, ನನ್ನಂಥವನಿಗೆ ಸ್ವಲ್ಪ ಜಾಸ್ತಿಯೇ ಅನ್ನಿಸುವಂಥದ್ದು. ನಿಮ್ಮ ಅತ್ತೆ, “ಈ ವಯಸ್ಸಲ್ಲಿ ಜನ ಊರುಗೋಲು ತಗೋತಾರೆ, ನೀವು ನೋಡಿದ್ರೆ ಐಷಾರಾಮಿ ಕಾರು ಅಂತೀರಲ್ರೀ!” ಎಂದಳು. ಎಂದವಳೇ ಬಣ್ಣದ ಪುಸ್ತಕ ಕಿತ್ತುಕೊಂಡು, ಬಿಳಿಯಾದರೆ ಆಂಬುಲೆನ್ಸ್ ಹಾಗಿರುತ್ತದೆ, ಕಪ್ಪಾದರೆ ಯಾರೋ ಮಂತ್ರಿ ಬಂದ ಎಂದುಕೊಳ್ಳುತ್ತಾರೆ ಎಂದು ನೀಲಿಗೆ ಟಿಕ್ ಹಾಕಿದಳು. ಅಲ್ಲಿಗೆ ಬಣ್ಣದ ವ್ಯಾಜ್ಯ ಮುಗಿಯಿತು. ಉಳಿದಿರುವುದು ಎಂಜಿನ್ನು.

ಒಂದೇ ಕಾರು, ಒಂದೇ ಮೈ, ಹೊಟ್ಟೆಯೊಳಗೆ ಮಾತ್ರ ಎರಡು ಬಗೆ. ಪಕ್ಕದ ಮನೆಯ ದಂತವೈದ್ಯರು ಡೀಸೆಲ್ ಎಂದು ಆಣೆ ಮಾಡುತ್ತಾರೆ. ನನ್ನ ಕ್ಷೌರಿಕ ಪೆಟ್ರೋಲ್ ಎಂದು ಆಣೆ ಮಾಡುತ್ತಾನೆ, ಅದೂ ಕತ್ತಿ ನನ್ನ ಗಂಟಲ ಮೇಲಿರುವಾಗ. ಇಬ್ಬರು ಸಾಕ್ಷಿಗಳೂ ಪೂರ್ವಗ್ರಹಪೀಡಿತರು. ನೀವು ಕಾರಿನ ಕಾರ್ಖಾನೆಯಲ್ಲಿ ಶಬ್ದ ಅಳೆಯುವ ಎಂಜಿನಿಯರು ಎಂದು ಪಟಾಕಿ ಹೇಳಿದ್ದಳು. (ಪಟಾಕಿ ಎಂದರೆ ನನ್ನ ಮಗಳು. ನಿಮ್ಮ ಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತೀರೋ ಕಾಣೆ. ಹುಟ್ಟಿದ ದಿನದಿಂದ ಸಿಡಿಯುತ್ತಿರುವುದರಿಂದ ನಮ್ಮಲ್ಲಿ ಅದೇ ಹೆಸರು.) ಹಾಗಾಗಿ ತಜ್ಞ ಸಾಕ್ಷಿಯಾಗಿ ನಿಮ್ಮನ್ನು ಕರೆಸಿದ್ದೇನೆ. ಡೀಸೆಲ್ಲೋ, ಪೆಟ್ರೋಲೋ? ಕಾರಣಸಹಿತ ಉತ್ತರ ಬೇಕು.

ಫೋನು ಮಾಡಬಹುದಿತ್ತಲ್ಲ ಎಂದೀರಿ. ಫೋನಿನಲ್ಲಿ ಆಡಿದ್ದು ದಾಖಲೆಯಾಗುವುದಿಲ್ಲ. ಬರೆದು ಕಳಿಸಿ.

ಇತಿ,
ನಿಮ್ಮ ಮಾವ
(ನಿವೃತ್ತ)


ಫೆಬ್ರವರಿ 12

ಮಾವನವರಿಗೆ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು ಬಾಗಿಲಲ್ಲಿ ನಿಂತೇ ಓದಿದೆ. ಓದಿ ಮುಗಿಸಿದ ಮೇಲೆ ಕೂತೆ.

ತಜ್ಞ ಸಾಕ್ಷಿಯ ಹೇಳಿಕೆ ಹೀಗಿದೆ. ಪೆಟ್ರೋಲಿಗೆ ಒಂದು ಕಿಡಿ ಸಾಕು, ಭಗ್ಗೆನ್ನುತ್ತದೆ. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಒಳಗಿನ ಗಾಳಿಯನ್ನು ಹಿಂಡಿ ಹಿಂಡಿ ಕಾಯಿಸಬೇಕು. ತಡೆಯಲಾರದಷ್ಟು ಕಾದ ಮೇಲೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಮಗಳು ಪೆಟ್ರೋಲ್. ನೀವು ಯಾವುದು ಎಂದು ನಾನು ಹೇಳಿದರೆ ನ್ಯಾಯಾಂಗ ನಿಂದನೆಯಾದೀತು.

ಪೆಟ್ರೋಲ್ ನಯ, ಮೌನಿ, ಕಾಲಿಟ್ಟರೆ ಚಿಮ್ಮುತ್ತದೆ, ಆದರೆ ಕುಡಿಯುವುದು ಜಾಸ್ತಿ. ಡೀಸೆಲ್ ಕಡಿಮೆ ಕುಡಿಯುತ್ತದೆ, ಏರಿನಲ್ಲಿ ಎತ್ತಿನಂತೆ ಎಳೆಯುತ್ತದೆ, ಆದರೆ ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಕೆಮ್ಮುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳದ ಒಂದು ವಿಷಯವಿದೆ. ಡೀಸೆಲ್ ಕಾರಿನ ಬಾಲದಲ್ಲಿ ಮಸಿ ಹಿಡಿದಿಡುವ ಒಂದು ಜಾಲರಿ ಇರುತ್ತದೆ. ಆಗಾಗ ದೂರದ ದಾರಿಯಲ್ಲಿ ಒಂದೇ ಸಮನೆ ಓಡಿಸಿದರೆ ಆ ಬಿಸಿಗೆ ಮಸಿಯೆಲ್ಲ ಸುಟ್ಟುಹೋಗಿ ಜಾಲರಿ ಚೊಕ್ಕಟವಾಗುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಓಡಾಡಿಸಿದರೆ ಮಸಿ ಕಟ್ಟಿ ಕಾರು ಉಸಿರುಗಟ್ಟುತ್ತದೆ. ಹಾಗಾಗಿ, ಡೀಸೆಲ್ಲೋ ಪೆಟ್ರೋಲೋ ಎಂದು ನನ್ನನ್ನು ಕೇಳುವ ಮೊದಲು ನಿಮಗೊಂದು ಪಾಟೀಸವಾಲು: ಕಾರಿನಲ್ಲಿ ಎಲ್ಲಿಗೆ ಹೋಗುತ್ತೀರಿ?

ನಿಮ್ಮೂರ ಗ್ರಂಥಾಲಯಕ್ಕಾದರೆ ಪೆಟ್ರೋಲ್. ಮಗಳ ಮನೆಗಾದರೆ ಡೀಸೆಲ್.

ಇನ್ನೊಂದು ವಿಷಯ. ಇದನ್ನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಹೋದ ತಿಂಗಳು ನಿಮಗೆ ಫೋನ್ ಮಾಡಿ ಮಾಡಿ, ಯಾರೂ ಎತ್ತದೆ, ಕೊನೆಗೆ ಫೋನನ್ನು ದಿಂಬಿನಡಿ ತುರುಕಿ, “ಇನ್ನು ನಾನಾಗಿ ಮಾಡಲ್ಲ, ಶಪಥ! ಮಗಳು ಬೇಕು ಅನ್ನಿಸಿದಾಗ ಅವರೇ ಮಾಡ್ಲಿ” ಎಂದಳು. ಮೂರು ವರ್ಷದಿಂದ ನೀವು ಅವಳ ಫೋನ್ ಎತ್ತಿಲ್ಲ. ನಾವು ನಿಮ್ಮ ಮನೆಗೆ ಬಂದಾಗಲೂ ಪೇಪರಿನ ಹಿಂದೆ ಕೂತಿರುತ್ತೀರಿ. ನನ್ನನ್ನು ಕಟ್ಟಿಕೊಂಡದ್ದಕ್ಕೆ ನೀವಿನ್ನೂ ಕ್ಷಮಿಸಿಲ್ಲ ಎಂದು ಅವಳ ತೀರ್ಮಾನ. ನಿಜ ಹೇಳಬೇಕೆಂದರೆ ನನ್ನದೂ ಅದೇ. ಮದುವೆಯ ದಿನ ಊಟಕ್ಕೆ ಕೂತಾಗ ನಿಮ್ಮನ್ನು ಮೆಲ್ಲಗೆ ಒಂದು ಮಾತು ಕೇಳಿದ್ದೆ. ನೀವು ನೀರಿನ ಜಗ್ಗು ನನ್ನ ಕಡೆಗೆ ಸರಿಸಿದಿರಿ.

ಇತಿ,
ನಿಮ್ಮ ಅಳಿಯ


ಫೆಬ್ರವರಿ 26

ಅಳಿಯಂದಿರಿಗೆ,

ಸಾಕ್ಷಿಯು ಪ್ರಶ್ನೆ ಕೇಳುವಂತಿಲ್ಲ. ಆದರೂ ಜಾಲರಿಯ ವಿಷಯ ಸ್ವಾರಸ್ಯವಾಗಿದೆ, ದಾಖಲಿಸಿಕೊಂಡಿದ್ದೇನೆ. ಉಳಿದ ಸಂಗತಿಗಳನ್ನು ನ್ಯಾಯಾಲಯವು ಸದ್ಯಕ್ಕೆ ಬದಿಗಿಟ್ಟಿದೆ.

ನಿನ್ನೆ ಸ್ಥಳ ತನಿಖೆಗೆ ಹೋಗಿದ್ದೆ. ಷೋರೂಮಿನಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯರು ನನ್ನನ್ನು ಕಂಡೊಡನೆ ಗಾಜಿನ ಲೋಟದಲ್ಲಿ ನೀರು ಕೊಟ್ಟರು. ಲೋಟ ಎಷ್ಟು ತೆಳ್ಳಗಿತ್ತೆಂದರೆ ಕುಡಿಯುವುದೋ ಕಚ್ಚುವುದೋ ತಿಳಿಯಲಿಲ್ಲ. ಎರಡೂ ಕಾರುಗಳನ್ನು ನಾನೇ ಓಡಿಸಿದೆ.

ಮೊದಲು ಡೀಸೆಲ್. ಸ್ಟಾರ್ಟ್ ಮಾಡಿದೊಡನೆ ಅಂಗಾಲಿಗೆ ಒಂದು ಸಣ್ಣ ನಡುಕ ಬಂತು. ಸ್ಟೇರಿಂಗು ಅಂಗೈಗೆ, ‘ಹೂಂ, ಇದ್ದೇನೆ’ ಎಂದಿತು. ಸೀಟು ಬೆನ್ನಿಗೆ ಅದೇ ಮಾತು ಹೇಳಿತು. ಕೆಲಸ ಮಾಡುತ್ತಿರುವವನು ಕೆಲಸ ಮಾಡುತ್ತಿದ್ದೇನೆಂದು ತಿಳಿಸುವುದು ಒಳ್ಳೆಯ ಗುಣ. ಗದ್ದಲವಂತೂ ಇಲ್ಲವೇ ಇಲ್ಲ. ಡೀಸೆಲ್ ಸದ್ದು ಮಾಡುತ್ತದೆ ಎನ್ನುವುದು ಪೆಟ್ರೋಲಿನವರು ಹಬ್ಬಿಸಿದ ಅಪಪ್ರಚಾರ ಎಂದು ನನಗೆ ಮನವರಿಕೆಯಾಗಿದೆ.

ಆಮೇಲೆ ಪೆಟ್ರೋಲ್. ಅದರ ನಡವಳಿಕೆ ನನಗೆ ಹಿಡಿಸಲಿಲ್ಲ. ಕೆಂಪು ದೀಪಕ್ಕೆ ನಿಲ್ಲಿಸಿದೆ. ಎಂಜಿನ್ ಸತ್ತುಹೋಯಿತು. ಗುಂಡಿ ಒತ್ತಿದೆ, ಎದುರಿನ ಪರದೆಯೂ ಕಪ್ಪಾಯಿತು. ಮತ್ತೆ ಒತ್ತಿದೆ, ಪರದೆ ಬೆಳಗಿತು, ಆದರೆ ಎಂಜಿನ್ನಿನಲ್ಲಿ ಜೀವವಿಲ್ಲ. ಮತ್ತೆ ಒತ್ತಿದೆ, ಮತ್ತೆ ಕಪ್ಪು. ಹಸಿರು ದೀಪ ಬಂದು ಹೋಯಿತು. ಟೈ ಮಹಾಶಯರು ನನ್ನ ತೋಳು ಹಿಡಿದು ಏನೋ ಹೇಳುತ್ತಿದ್ದರು, ಬಾಯಿಯನ್ನು ಮೀನಿನ ಹಾಗೆ ಆಡಿಸುತ್ತ. ಹಿಂದಿನವರು ಯಾಕೆ ಕಾರಿನಿಂದ ಇಳಿದು ಬಂದರೋ ತಿಳಿಯದು. ಒಬ್ಬನೂ ಹಾರ್ನ್ ಮಾಡಲಿಲ್ಲ, ಆ ಮಟ್ಟಿಗೆ ಸಭ್ಯರು.

ಇನ್ನೂ ಎರಡು ನ್ಯೂನತೆಗಳು. ಇಷ್ಟು ದೊಡ್ಡ ಕಾರಿನಲ್ಲಿ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಎನ್ನುವುದಿಲ್ಲ. ಮೂವತ್ತು ವರ್ಷದ ಹಿಂದಿನ ನನ್ನ ಡಬ್ಬಾ ಕಾರು ಪಕ್ಕದ ಬೀದಿಗೆ ಕೇಳುವಂತೆ ಟಿಕ್ ಎನ್ನುತ್ತಿತ್ತು. ಟಿಕ್ಕಿಗೂ ಜಿಪುಣತನವೇ? ಎರಡನೆಯದು, ಹಿಂದಕ್ಕೆ ತೆಗೆಯುವಾಗ ಏನಾದರೂ ಅಡ್ಡ ಬಂದರೆ ಬೀಪ್ ಎನ್ನುತ್ತದಂತೆ. ಎನ್ನಲಿಲ್ಲ. ಅಡ್ಡ ಇರುವುದನ್ನು ಕೊನೆಗೆ ಷೋರೂಮಿನ ಹೂಕುಂಡವೇ ತಿಳಿಸಬೇಕಾಯಿತು.

ನೀವು ಕಾರಿನ ಒಳಗಿನವರು. ಇಷ್ಟೆಲ್ಲ ದೋಷವಿರುವ ಗಾಡಿಯನ್ನು ಮಾರುತ್ತಾರಲ್ಲ, ಇದು ಹೇಗೆ?

ಇತಿ,
ನಿಮ್ಮ ಮಾವ


ಮಾರ್ಚ್ 20

ಮಾವನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಕಸದ ಬುಟ್ಟಿ ನೋಡಿ ನಿಮ್ಮ ಮಗಳು, “ಏನ್ರೀ, ಯಾರಿಗೆ ಪ್ರೇಮಪತ್ರ?” ಎಂದಳು. ಆಫೀಸಿನದು ಎಂದೆ.

ನೀವು ಓಡಿಸಿದ್ದು ನಮ್ಮ ಕಾರ್ಖಾನೆಯ ಕಾರು. ಆ ಟಿಕ್ ಟಿಕ್ ಮಾಡಿದವನು ನಾನು.

ಹಳೆಯ ಕಾರುಗಳಲ್ಲಿ ದೀಪ ಮಿನುಗಿಸುವ ಸಾಮಾನೇ ಟಿಕ್ ಎನ್ನುತ್ತಿತ್ತು. ಈಗ ಆ ಸಾಮಾನಿಲ್ಲ. ಆದರೆ ಟಿಕ್ ಇಲ್ಲದಿದ್ದರೆ ಜನಕ್ಕೆ ಇಂಡಿಕೇಟರ್ ಹಾಕಿದ್ದೇ ಮರೆತುಹೋಗುತ್ತದೆ, ಅದಕ್ಕೆ ಸ್ಪೀಕರಿನಿಂದ ಹೊರಡಿಸುತ್ತೇವೆ. ಆ ಸದ್ದಿಗಾಗಿ ನಾನು ಗೋಲಿ ಬಡಿದೆ, ಬಾಚಣಿಗೆ ಮೀಟಿದೆ, ಚಮಚದಿಂದ ಸಿಕ್ಕಿದ್ದೆಲ್ಲವನ್ನೂ ತಟ್ಟಿದೆ. ಕೊನೆಗೆ ಪೆನ್ಸಿಲಿನ ಹಿಂಬದಿಯಿಂದ ಗಾಜಿನ ಬಟ್ಟಲು ತಟ್ಟಿದಾಗ ನಮ್ಮ ದೊಡ್ಡ ಸಾಹೇಬರು, “ಇದು! ಇನ್ನೂ ತೆಳ್ಳಗೆ ಮಾಡಿ, ಶ್ರೀಮಂತರ ಟಿಕ್ ಹಾಗಿರ್ಲಿ” ಎಂದರು. ತೆಳ್ಳಗೆ ಮಾಡಿದೆ. ಅದು ಆ ಕಾರಿನಲ್ಲಿ ಇದೆ, ಮಾವ. ಎರಡೂ ಕಾರಿನಲ್ಲಿ ಇದೆ. ಬೀಪ್ ಕೂಡ ಇದೆ.

ಎಂಜಿನ್ನೂ ಸತ್ತಿರಲಿಲ್ಲ. ಆ ಕಾರು ಕೆಂಪು ದೀಪದಲ್ಲಿ ತಾನಾಗಿ ಆಫ್ ಆಗುವಂಥದ್ದಲ್ಲ. ಅದು ಓಡುತ್ತಲೇ ಇತ್ತು. ನೀವು ಗುಂಡಿ ಒತ್ತಿ ಆರಿಸಿದಿರಿ, ಮತ್ತೆ ಒತ್ತಿ ಹಚ್ಚಿದಿರಿ, ಮತ್ತೆ ಆರಿಸಿದಿರಿ. ಇನ್ನು ಡೀಸೆಲ್ ಸದ್ದೇ ಮಾಡುವುದಿಲ್ಲ ಎಂದು ಬರೆದಿದ್ದೀರಿ. ಅದರ ಸದ್ದಿಗೆ ಎಷ್ಟು ಹಾಸು, ಎಷ್ಟು ಹೊದಿಕೆ ಹಾಕಿದರೂ ಅಡಗದೆ ನಾವು ಕೈಚೆಲ್ಲಿ ಕೂತಿದ್ದೇವೆ.

ಸಿಟ್ಟಾಗಬೇಡಿ, ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ಫೋನ್ ಎತ್ತದಿರುವುದಕ್ಕೂ ಹೂಕುಂಡಕ್ಕೂ ಕಾರಣ ಒಂದೇನಾ?

ಇತಿ,
ನಿಮ್ಮ ಅಳಿಯ


ಮಾರ್ಚ್ 28

ಪತ್ರ ತಲುಪಿತು.

ಕೊನೆಯ ಪ್ರಶ್ನೆ ಪ್ರಸ್ತುತ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ. ಕಡತದಿಂದ ತೆಗೆದುಹಾಕಲಾಗಿದೆ.

ಕಾರು ಕೊಳ್ಳುವ ವಿಚಾರ ಸದ್ಯಕ್ಕೆ ಇಲ್ಲ.

ಮಾವ


ಮೇ 10

ಅಳಿಯಂದಿರಿಗೆ ಆಶೀರ್ವಾದಗಳು.

ಹಿಂದಿನ ನನ್ನ ಪತ್ರ ಸಿಕ್ಕಿದ್ದರೆ ಒಲೆಗೆ ಹಾಕಿ. ಒಲೆ ಇಲ್ಲದಿದ್ದರೆ ಹರಿಯಿರಿ. ಅಭ್ಯಾಸವಿದೆಯಲ್ಲ.

ನಿಮ್ಮ ಅತ್ತೆ ನಿಮ್ಮ ಪತ್ರ ಓದಿ ನನ್ನ ಎದುರಿಗೆ ಬಂದು ನಿಂತು, “ಈಗ ಹೇಳ್ರೀ, ಆ ಹುಡುಗನಿಗಿಂತ ಚೆನ್ನಾಗಿ ನಿಮ್ಮನ್ನ ಯಾರು ವಿಚಾರಣೆ ಮಾಡಿದ್ದಾರೆ?” ಎಂದಳು. ಅವಳು ಯಾವಾಗಲೂ ಎದುರಿಗೆ ಬಂದು, ಬೆಳಕಿಗೆ ಮುಖ ಕೊಟ್ಟೇ ಮಾತಾಡುತ್ತಾಳೆ. ತುಟಿ ಕಾಣಲೆಂದು. ನೋಡಿದವರು, ಇಷ್ಟು ವರ್ಷವಾದರೂ ಗಂಡ ಹೆಂಡಿರಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹುಚ್ಚು ಹೋಗಿಲ್ಲ ಎಂದುಕೊಳ್ಳುತ್ತಾರೆ. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೇವೆ.

ಹೌದು, ಕಾರಣ ಒಂದೇ.

ಮೊದಲು ಹೋದದ್ದು ಸಣ್ಣ ದನಿಗಳು. ಕೋರ್ಟಿನಲ್ಲಿ ಜೋರು ಬಾಯಿಯವರು ಚೆನ್ನಾಗಿ ಕೇಳಿಸುತ್ತಿದ್ದರು. ಅಂಜುತ್ತ, ನೆಲ ನೋಡುತ್ತ, ಮೆಲ್ಲಗೆ ಮಾತಾಡುವವರು ಕೇಳಿಸದಾದರು. ಅಂಥವರಿಗೆ “ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ” ಎಂದರೆ ನಾನು ಗದರಿಸಿದೆನೆಂದು ಅಳುತ್ತಿದ್ದರು. ಇನ್ನು ಸ್ವಲ್ಪ ದಿನ ಆ ಕುರ್ಚಿಯಲ್ಲಿ ಕೂತಿದ್ದರೆ ಜೋರಾಗಿ ಕೂಗಿದವರೇ ಗೆಲ್ಲುತ್ತಿದ್ದರು. ಅಂಥ ದಿನ ಬರುವ ಮೊದಲೇ ಎದ್ದುಬಿಟ್ಟೆ. ಮಂಡಿ ನೋವು ಎಂದು ಹೇಳಿದೆ. ನನ್ನ ಮಂಡಿಗಳು ಕಲ್ಲಿನಂತಿವೆ.

ಫೋನಿನಲ್ಲಿ ತುಟಿಯಿಲ್ಲ, ಮುಖವಿಲ್ಲ. ನನ್ನ ಮಗಳ ಅಷ್ಟು ದೊಡ್ಡ ಗಂಟಲು ಅಲ್ಲಿ ಸೊಳ್ಳೆಯ ಹಾಗೆ ಗುಯ್ಗುಟ್ಟುತ್ತದೆ. ಕೇಳಿಸದೆಯೇ ಹೂಂ, ಹೂಂ ಎಂದು ಸುಳ್ಳು ಸಾಕ್ಷಿ ಹೇಳುವುದಕ್ಕಿಂತ ಎತ್ತದಿರುವುದು ಮೇಲು ಎಂದುಕೊಂಡೆ. ಅದನ್ನು ಅವಳು ಏನೆಂದು ತಿಳಿಯುತ್ತಾಳೆ ಎಂಬುದನ್ನು ಯೋಚಿಸಲಿಲ್ಲ. ತೀರ್ಪು ಬರೆಯುವವನು ಎರಡನೆಯ ಕಕ್ಷಿದಾರನನ್ನು ಕೇಳಲೇ ಇಲ್ಲ.

ಕಿವಿಗೆ ಮೆಷಿನ್ ಹಾಕಿಕೊಳ್ಳಬಹುದಿತ್ತು, ನಿಜ. ಊರಲ್ಲಿ ನಾನು ಸೋಲಿಸಿದವರು ಬಹಳ ಜನ ಇದ್ದಾರೆ. ನನ್ನ ಕಿವಿಯಲ್ಲಿ ಮೆಷಿನ್ ಕಂಡ ದಿನ, ‘ಓಹೋ, ಅವತ್ತೂ ಕೇಳಿಸಿರಲಿಲ್ಲ!’ ಎಂದು ಎಲ್ಲರೂ ಅಪೀಲು ಹಿಡಿದುಕೊಂಡು ಮನೆ ಮುಂದೆ ಸಾಲು ನಿಲ್ಲುತ್ತಾರೆ ಎಂದು ಹೆದರಿದೆ. ನಗಬೇಡಿ. ನಿಮ್ಮ ಅತ್ತೆ ನಕ್ಕಾಗಿದೆ.

ಡೀಸೆಲ್ ಯಾಕೆ ಇಷ್ಟವಾಯಿತೆಂದು ಈಗ ತಿಳಿಯಿತಲ್ಲ. ಅದು ಅಂಗಾಲಿನ ಮೂಲಕ ಮಾತಾಡುತ್ತದೆ.

ಪಟಾಕಿಗೆ ಹೇಳಬೇಡಿ, ನಾನೇ ಬರೆಯುತ್ತೇನೆ. ಅಂದಹಾಗೆ ಮದುವೆಯ ದಿನ ನನ್ನ ಪಕ್ಕದಲ್ಲಿ ಕೂತು ನೀವೇನು ಕೇಳಿದಿರಿ? ನೀರು ಬೇಕು ಎಂದಿರಬೇಕೆಂದು ನಾನು ಊಹಿಸಿದೆ.

ಇತಿ,
ನಿಮ್ಮ ಮಾವ


ಮೇ 30

ಅಪ್ಪಾ,

ನಿಮ್ಮ ಪತ್ರ ಈಜುಕೊಳದ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಅತ್ತುಬಿಟ್ಟೆ. ನನ್ನ ಈಜು ಕ್ಲಾಸಿನ ಮಕ್ಕಳೆಲ್ಲ ನೀರಿಂದ ತಲೆ ಎತ್ತಿ, “ಮಿಸ್, ಏನಾಯ್ತು ಮಿಸ್?” ಅಂದ್ವು. ಇನ್ನೂ ಎರಡು ಸುತ್ತು ಈಜಿ ಅಂತ ಗದರಿಸಿ ಮುಳುಗಿಸಿದೆ. ಆಮೇಲೆ ಸಿಟ್ಟು ಬಂತು. ಈಗ ಬರೀತಿರೋದು ಸಿಟ್ಟಲ್ಲೇ.

ಮೂರು ವರ್ಷ ಅಪ್ಪಾ! ಮೂರು ವರ್ಷದಿಂದ ನಿಮ್ಮ ಮೇಲೆ ಒಂದು ಕೋಪಾನ ಬೆಕ್ಕು ಸಾಕಿದ ಹಾಗೆ ಸಾಕಿದ್ದೀನಿ. ದಿನಾ ಹಾಲು ಹಾಕಿದ್ದೀನಿ. ಪಕ್ಕದಲ್ಲೇ ಮಲಗಿಸ್ಕೊಂಡಿದ್ದೀನಿ. ಈಗ ನೀವು ಬಂದು ‘ಅದು ನಿನ್ನ ಬೆಕ್ಕಲ್ಲ’ ಅಂದ್ರೆ ನಾನದನ್ನ ಎಲ್ಲಿ ಬಿಟ್ಟು ಬರ್ಲಿ?

ಅಮ್ಮಂಗೂ ಗೊತ್ತಿತ್ತು. ಅಮ್ಮ ಫೋನಲ್ಲಿ, “ಅವರಿಗೆ ಮಂಡಿ ನೋವು ಕಣೇ, ಎದ್ದು ಬರಕ್ಕಾಗಲ್ಲ” ಅಂತಿದ್ಳು. ನಾನು ಮಂಡಿಗೆ ಅಂತ ಎಣ್ಣೆ ಕಳಿಸಿದ್ದೆ! ಆ ಎಣ್ಣೆ ಏನ್ಮಾಡಿದ್ರಿ?

ನನ್ನ ಯಜಮಾನ್ರಿಗೂ ಗೊತ್ತಿತ್ತು. ಅವರ ವಿಚಾರಣೆ ಬೇರೆ ನಡೀತಿದೆ.

ಕೇಳಿ. ಮೆಷಿನ್ ಹಾಕ್ಕೊಂಡು ಬನ್ನಿ. ಹಾಕ್ಕೊಳ್ಳದೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ. ಮತ್ತೆ ನಾನಾಗಿ ಫೋನ್ ಮಾಡಲ್ಲ ಅಂದಿದ್ದೀನಿ, ಮಾಡಲ್ಲ. ಶಪಥ ಅಂದ್ರೆ ಶಪಥ. ನಾನು ಯಾರ ಮಗಳು?

ಪಟಾಕಿ


ಜೂನ್ 18

ಅಳಿಯಂದಿರಿಗೆ ಆಶೀರ್ವಾದಗಳು.

ಡೀಸೆಲ್ ಮತ್ತು ಪೆಟ್ರೋಲ್ ನಡುವಿನ ವ್ಯಾಜ್ಯದಲ್ಲಿ ಅಂತಿಮ ಆದೇಶ ಹೊರಡಿಸುತ್ತಿದ್ದೇನೆ. ಎದ್ದು ನಿಲ್ಲುವ ಅಗತ್ಯವಿಲ್ಲ.

ಮೆಷಿನ್ ಬಂದಿದೆ. ಎರಡು ಕಿವಿಗೂ ಒಂದೊಂದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಹಾಕಿಕೊಂಡು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎದೆಯುಬ್ಬಿಸಿ ನಡೆದೆ. ಯಾರೂ ಅಪೀಲು ತರಲಿಲ್ಲ. ಯಾರೂ ಗಮನಿಸಲೇ ಇಲ್ಲ ಎನ್ನುವುದು ಸ್ವಲ್ಪ ಬೇಸರದ ಸಂಗತಿ. ಕ್ಷೌರಿಕನೊಬ್ಬ ಮಾತ್ರ, “ಸಾರ್, ಇಷ್ಟು ದಿನ ನಾನು ಹೇಳಿದ್ದೊಂದೂ ನಿಮಗೆ ಕೇಳಿಸಿಲ್ವಾ? ಹಂಗಾದ್ರೆ ಮೊದಲಿಂದ ಹೇಳ್ತೀನಿ” ಎಂದು ಶುರು ಮಾಡಿದ.

ಮನೆ ಇಷ್ಟು ಗದ್ದಲದ್ದೆಂದು ತಿಳಿದಿರಲಿಲ್ಲ. ಫ್ರಿಜ್ಜು ಗೊಣಗುತ್ತದೆ. ನನ್ನ ಚಪ್ಪಲಿ ಕಿರುಗುಟ್ಟುತ್ತದೆ, ಎಷ್ಟು ವರ್ಷದಿಂದಲೋ. ನಿಮ್ಮ ಅತ್ತೆ ಈರುಳ್ಳಿ ಹೆಚ್ಚುವಾಗ ಹಾಡಿಕೊಳ್ಳುತ್ತಾಳೆ. ಚೆನ್ನಾಗೇನೂ ಹಾಡುವುದಿಲ್ಲ. ನನಗೆ ಕೇಳಿಸುತ್ತದೆಂದು ಅವಳಿಗೆ ಹೇಳಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾಳೆ.

ಮತ್ತೆ ಷೋರೂಮಿಗೆ ಹೋದೆ. ಟೈ ಮಹಾಶಯರು ನನ್ನನ್ನು ಕಂಡು ಹೂಕುಂಡವನ್ನು ಒಳಗಿಟ್ಟು ಬಂದರು. ಪೆಟ್ರೋಲಿನಲ್ಲಿ ಕೂತೆ. ಕೆಂಪು ದೀಪದಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಎಲ್ಲೋ ಒಳಗೆ, ಓದುತ್ತಿರುವವರ ಉಸಿರಿನಷ್ಟು ಸಣ್ಣ ಸದ್ದು. ಪಾಪ, ಅದು ಬದುಕಿತ್ತು. ಪೆಟ್ರೋಲ್ ಎಂಜಿನ್ನನ್ನು ಎಲ್ಲ ಆರೋಪಗಳಿಂದಲೂ ಖುಲಾಸೆ ಮಾಡಿದ್ದೇನೆ. ಆಮೇಲೆ ಡೀಸೆಲ್. ಅಯ್ಯೋ! ಡಬ್ಬದಲ್ಲಿ ಮೊಳೆ ಹಾಕಿ ಅಲುಗಾಡಿಸಿದ ಹಾಗೆ. ಇಂಥದ್ದನ್ನು ಸದ್ದೇ ಇಲ್ಲವೆಂದು ಬರೆದುಕೊಟ್ಟೆನೇ ನಾನು? ಅಂಗಾಲಿಗೆ ಸಂತನಂತಿದ್ದವನು ಕಿವಿಗೆ ರೌಡಿಯಾಗಿದ್ದ.

ನಿಮ್ಮ ಟಿಕ್ ಟಿಕ್ಕನ್ನೂ ಕೇಳಿದೆ. ಇಂಡಿಕೇಟರ್ ಹಾಕಿಕೊಂಡು ಷೋರೂಮಿನ ಮುಂದೆಯೇ ಬಹಳ ಹೊತ್ತು ಕೂತಿದ್ದೆ. ಚೆನ್ನಾಗಿದೆ. ಸ್ವಲ್ಪ ಜಂಬ ಜಾಸ್ತಿ.

ಹೀಗಾಗಿ ಇಬ್ಬರ ವಾದವನ್ನೂ ಈಗ ನಿಜವಾಗಿ ಕೇಳಿದಂತಾಯಿತು. ಕಿವಿಯ ಮಟ್ಟಿಗೆ ಪೆಟ್ರೋಲ್ ಗೆದ್ದಿದೆ. ಹಾಗಿದ್ದೂ ನಾನು ಡೀಸೆಲ್ಲನ್ನೇ ಬುಕ್ ಮಾಡಿದ್ದೇನೆ. ಕಾರಣ, ನಿಮ್ಮ ಹೇಳಿಕೆಯಲ್ಲಿನ ಜಾಲರಿ. ಆ ಮಸಿ ಸುಡಬೇಕಾದರೆ ತಿಂಗಳಿಗೊಮ್ಮೆಯಾದರೂ ದೂರ ಹೋಗಲೇಬೇಕು. ಭೂಪಟ ನೋಡಿದೆ. ಆ ದೂರದಲ್ಲಿ ನನಗೆ ಗೊತ್ತಿರುವವರು ನೀವಿಬ್ಬರೇ. ಇದು ಕಾರಿನ ಆರೋಗ್ಯಕ್ಕಾಗಿ ಕೈಗೊಳ್ಳುವ ಪ್ರಯಾಣವೇ ಹೊರತು ಬೇರೇನೂ ಅಲ್ಲವೆಂದು ಪಟಾಕಿಗೆ ತಿಳಿಸತಕ್ಕದ್ದು. ಮಂಡಿಗೆಂದು ಅವಳು ಕಳಿಸಿದ ಎಣ್ಣೆಯನ್ನು ಬಾಗಿಲಿನ ಕೀಲುಗಳಿಗೆ ಬಿಟ್ಟಿದ್ದೇವೆ, ಅದನ್ನೂ ತಿಳಿಸಿ.

ಗ್ರಂಥಾಲಯಕ್ಕೆ ನಡೆದೇ ಹೋಗುತ್ತೇನೆ. ಮಂಡಿ ಚೆನ್ನಾಗಿದೆಯಲ್ಲ.

ಇತಿ,
ನಿಮ್ಮ ಮಾವ

(ನನ್ನ ಹಿಂದಿನ ಪತ್ರದ ಕೊನೆಯ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ.)


ಜೂನ್ 27

ಮಾವನವರಿಗೆ ನಮಸ್ಕಾರಗಳು.

ಆದೇಶ ಶಿರಸಾವಹಿಸಿದೆ. ‘ಕಾರಿನ ಆರೋಗ್ಯಕ್ಕಾಗಿ’ ಎಂದು ಅವಳಿಗೆ ಓದಿ ಹೇಳಿದೆ. “ಹೌದೌದು, ಕಾರಿನ ಆರೋಗ್ಯ!” ಎಂದು ಮೂಗು ಮುರಿದಳು. ಆಮೇಲೆ ಹೋಗಿ ನಮ್ಮ ಸ್ಕೂಟರನ್ನು ನೆರಳಿನಿಂದ ತೆಗೆದು ಬಿಸಿಲಿಗೆ ನಿಲ್ಲಿಸಿ ಬಂದಳು. ನೆರಳಿನ ಜಾಗ ಖಾಲಿ ಇದೆ.

ಟಿಕ್ಕನ್ನು ಸ್ವಲ್ಪ ದಪ್ಪ ಮಾಡಬೇಕೆಂದು ಆಫೀಸಿನಲ್ಲಿ ಬರೆದುಕೊಟ್ಟೆ. ದೊಡ್ಡ ಸಾಹೇಬರು, “ಯಾಕ್ರೀ? ಯಾರು ದೂರು ಕೊಟ್ಟಿದ್ದು?” ಎಂದರು. ಒಬ್ಬ ನ್ಯಾಯಾಧೀಶರು ಎಂದೆ. ಕೂಡಲೇ ಸಹಿ ಹಾಕಿದರು.

ಮದುವೆಯ ದಿನದ ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಲಾರೆ. ನೀವು ಬಂದಾಗ ಮತ್ತೆ ಕೇಳುತ್ತೇನೆ. ಮೆಲ್ಲಗೇ ಕೇಳುತ್ತೇನೆ.

ಇತಿ,
ನಿಮ್ಮ ಅಳಿಯ


ಜುಲೈ 12
ನಿಮ್ಮ ಮನೆಯ ಮುಂದೆ

ಪಟಾಕೀ,

ಕಾರಿನ ಜೊತೆ ಕೊಟ್ಟ ಪುಸ್ತಕದ ಖಾಲಿ ಹಾಳೆಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಮುಗಿಸಿ ಬಾಗಿಲ ಸಂದಿಯಲ್ಲಿ ತುರುಕಿ ಬರುತ್ತೇನೆ. ಹೇಳದೆ ಕೇಳದೆ ಬಂದರೆ ಹೀಗೇ ಆಗುತ್ತದೆಂದು ನಿಮ್ಮಮ್ಮ ದಾರಿಯುದ್ದಕ್ಕೂ ಹೇಳಿದಳು. ಈ ಸಲ ಅವಳು ಹೇಳಿದ್ದೆಲ್ಲ ಕೇಳಿಸಿತು, ಅದೊಂದು ತೊಂದರೆ.

ಬೆಲ್ ಒತ್ತಿದೆ. ಒಳಗೆ ಅದು ಹೊಡೆದುಕೊಂಡದ್ದು ನನಗೆ ಕೇಳಿಸಿತು. ನಿಮಗೆ ಕೇಳಿಸಲಿಲ್ಲ. ಇಬ್ಬರೂ ಹೊರಗೆ ಹೋಗಿರಬೇಕು. ಆದರೂ ಇನ್ನೆರಡು ಸಲ ಒತ್ತಿದೆ, ನಿಮಗಾಗಿಯಲ್ಲ, ಕೇಳಲಿಕ್ಕೆ.

ನೆರಳಿನ ಜಾಗದಲ್ಲಿ ನೀಲಿ ಕಾರು ನಿಂತಿದೆ. ಮಸಿಯೆಲ್ಲ ಸುಟ್ಟು ಹಗುರಾಗಿದೆ. ನಿಮ್ಮಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆ. ನಾನು ಮುಂದಿನ ಸೀಟಿನಲ್ಲಿದ್ದೇನೆ.

ನಿನ್ನ ಗಂಡನಿಗೆ ಹೇಳು. ಅವನ ಪ್ರಶ್ನೆ ಏನೇ ಇರಲಿ, ಉತ್ತರ ಹೌದು. ವಿಚಾರಣೆಯಿಲ್ಲದೆ ನಾನು ಕೊಟ್ಟ ಒಂದೇ ಒಂದು ತೀರ್ಪು ಇದು. ಆದರೂ ಅವನು ಕೇಳಲಿ. ಕೇಳಿಸಿಕೊಳ್ಳುವ ಆಸೆಯಿದೆ.

ಇನ್ನು ನಿನ್ನ ಶಪಥದ ವಿಷಯ. ಅದನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ‘ನಾನಾಗಿ ಫೋನ್ ಮಾಡಲ್ಲ’ ಎಂಬುದು ಅದರ ಒಕ್ಕಣೆ. ಈಗ ನಾನೇ ಬರೆದು ಕೇಳಿಕೊಳ್ಳುತ್ತಿರುವುದರಿಂದ ನೀನು ಮಾಡಿದರೂ ಅದು ನೀನಾಗಿ ಮಾಡಿದಂತಾಗುವುದಿಲ್ಲ. ಶಪಥಕ್ಕೆ ಭಂಗವಿಲ್ಲ.

ಫೋನು ನನ್ನ ತೊಡೆಯ ಮೇಲಿದೆ. ಎಂಜಿನ್ ಆಫ್ ಮಾಡಿದ್ದೇನೆ, ಗದ್ದಲವಿಲ್ಲ.

ಮಾಡು. ಎತ್ತುತ್ತೇನೆ.

ಅಪ್ಪ